ವಸಡಿನ ಖಾಯಂ ನಿವಾಸಿಗಳು

ನಡೆದದ್ದನ್ನೇ ಹೇಳ್ತೀನಿ, ಒಂದು ಮಾತೂ ಹೆಚ್ಚಿಲ್ಲ. ನಾನು ಬಾಯಿ ಬಿಟ್ರೆ ಬರೀ ಬಡಾಯಿ ಅನ್ನೋ ನನ್ನ ಹೆಂಡತಿ ಕೂಡ ಇದೊಂದನ್ನ ನಿಜ ಅಂತ ಒಪ್ಕೊಂಡಿದ್ದಾಳೆ.

ನಲವತ್ತು ವರ್ಷ ಲಾರಿ ಗ್ಯಾರೇಜು ನಡೆಸಿದೋನು ನಾನು. ಸದ್ದು ಕೇಳಿಯೇ ಎಂಜಿನ್ನಿಗೆ ಏನಾಗಿದೆ ಅಂತ ಹೇಳ್ತಿದ್ದೆ. ಅಂಥೋನಿಗೆ ಎಡಗಡೆ ಕೊನೇ ಹಲ್ಲಿನ ವಸಡು ಊದ್ಕೊಂಡು, ಬಾಳೆಹಣ್ಣು ತಿನ್ನೋಕೂ ಕಣ್ಣಲ್ಲಿ ನೀರು. ಕೀಳಿಸ್ಕೊಂಡು ಬನ್ನಿ ಅಂತ ಹೆಂಡತಿ ಹಲ್ಲಿನ ಆಸ್ಪತ್ರೆಗೆ ಅಟ್ಟಿದ್ಲು.

ಡಾಕ್ಟರಮ್ಮ ಕೀವು ತೆಗೆದು ನೋಡಿ, ಪಕ್ಕದ ಕೋಣೆಯಿಂದ ಇನ್ನೂ ಆರು ಜನರನ್ನ ಕರೆದ್ರು. ಏಳೂ ಜನ ಸಾಲಾಗಿ ನನ್ನ ಬಾಯೊಳಗೆ ಇಣುಕಿದ್ರು.

"ತಾತ, ನಿಮ್ಮ ವಸಡಲ್ಲಿರೋ ಕ್ರಿಮಿಯಷ್ಟು ಗಟ್ಟಿ ಕ್ರಿಮಿ ನಾವು ನೋಡೇ ಇಲ್ಲ," ಅಂದ್ರು.

ಗಟ್ಟಿ ಇಲ್ದೆ ಇರುತ್ತಾ, ಬೆಳೆದದ್ದು ಯಾರ ಬಾಯಲ್ಲಿ.

ಮೈಯೊಳಗಿನ ಕಾವಲು ಎಷ್ಟೇ ಬಡಿದ್ರೂ ಅವು ಮಾಂಸದ ಸಂದೀಲಿ ಅವಿತ್ಕೊಂಡು ಬದುಕ್ತವಂತೆ. ಆ ಕಸುಬು ಕಲಿಸೋದು ಅವುಗಳ ಒಳಗಿರೋ ಜೀನು. ಯಾವ ಜೀನು ಅಂತ ಅವರು ಕಂಡುಹಿಡೀಬೇಕಂತೆ. ಅದಕ್ಕೆ ಒಂದೊಂದು ಕ್ರಿಮಿಯಿಂದ ಒಂದೊಂದು ಜೀನು ಕಿತ್ತು, ಎರಡು ಸಾವಿರ ಥರ ಮಾಡಿ, ನಂಬರ್ ಕೊಟ್ಟು, ವಾಪಸ್ ನನ್ನ ವಸಡಿಗೇ ಬಿಡೋದು. ಯಾವುದು ಸಾಯುತ್ತೋ, ಅದರಿಂದ ಕಿತ್ತದ್ದೇ ಬೇಕಾದ ಜೀನು. ಇದೇನು ದೊಡ್ಡ ವಿದ್ಯೆ, ಒಂದೊಂದು ಲಾರಿಯಿಂದ ಒಂದೊಂದು ಬೋಲ್ಟು ಬಿಚ್ಚಿ ಓಡಿಸಿ ನೋಡೋದು ಅಷ್ಟೇ ಅಂದೆ. ಏಳೂ ಜನ ಬರ್ಕೊಂಡ್ರು. ಆ ಖುಷೀಲಿ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಬಿಟ್ಟೆ.

ಒಂದೇ ವಾರಕ್ಕೆ ನೋವು ತಡೆಯೋಕಾಗ್ದೆ ಹಲ್ಲು ಕೀಳಿ ಅಂತ ಹೋದೆ. ಮೇಲಿನ ಆಫೀಸಿಂದ ಅಪ್ಪಣೆ ತನ್ನಿ ಅಂದ್ರು. ಅಲ್ಲಿ ಗುಮಾಸ್ತರು ಎದ್ದು ನಿಂತು ಆದೇಶ ಓದಿದ್ರು:

"ಎಡಗಡೆಯ ಕೊನೆಯ ಹಲ್ಲು ಹಾಗೂ ಅದರ ಸುತ್ತಲಿನ ವಸಡನ್ನು ಸಂಶೋಧನಾ ಆವರಣವೆಂದು ಘೋಷಿಸಲಾಗಿದೆ. ಸದರಿ ಆವರಣದಲ್ಲಿ ಉಜ್ಜುವುದು, ಮುಕ್ಕಳಿಸುವುದು ಹಾಗೂ ನಿವಾಸಿಗಳಿಗೆ ತೊಂದರೆಯಾಗುವಂತೆ ಅಗಿಯುವುದನ್ನು ನಿಷೇಧಿಸಲಾಗಿದೆ."

"ಸ್ವಾಮಿ, ಹಲ್ಲು ನಂದಲ್ವಾ?"

"ಹಲ್ಲು ನಿಮ್ದೇ ಯಜಮಾನ್ರೇ. ಒಳಗಿರೋರು ನಮ್ಮೋರು."

"ಹಂಗಾದ್ರೆ ಕರ್ಕೊಂಡು ಹೋಗಿ."

"ಅವರ ಹೆಸರಲ್ಲಿ ಎರಡು ಸಾವಿರ ಕಡತ ಇದೆ. ನಿಮ್ಮ ಹೆಸರಲ್ಲಿ ಒಂದಾದ್ರೂ ಇದೆಯಾ?"

ಇರಲಿಲ್ಲ. ಮನೆಗೆ ಬಂದೆ.

ಪ್ರತಿ ಸೋಮವಾರ ಹಾಜರಿ. ಗುಮಾಸ್ತರು ನಂಬರ್ ಕೂಗೋರು, ಡಾಕ್ಟರಮ್ಮ ವಸಡು ಒರೆಸಿ ನೋಡಿ ಹೇಳೋರು. ಎಂಟುನೂರ ಹನ್ನೆರಡನೇ ನಂಬರ್ ಗೈರು. ಜೀನು ಸಿಕ್ತು ಅಂತ ಡಾಕ್ಟರಮ್ಮ ಎಲ್ಲರಿಗೂ ಸಿಹಿ ಹಂಚಿದ್ರು, ಅಗಿಯೋ ಹಾಗಿಲ್ಲ ಅಂತ ನನ್ನ ಬಿಟ್ಟು. ರಜೆ ಅರ್ಜಿ ಕೊಡದೆ ಗೈರಾದ್ದಕ್ಕೆ ಗುಮಾಸ್ತರು ಆ ಕ್ರಿಮಿಗೆ ನೋಟೀಸು ಕೊಟ್ರು. ಕ್ರಿಮಿಗೆ ಸಹಿ ಬರಲ್ಲ, ಹೆಬ್ಬೆಟ್ಟು ನಾನೇ ಒತ್ತಿದೆ. ಐದು ವಾರದಲ್ಲಿ ಮೂವತ್ತೇಳು ನೋಟೀಸು.

ಆರನೇ ವಾರ ಹಾಜರಿ ಕೂಗ್ತಿರೋವಾಗಲೇ ಹಲ್ಲು ತಾನಾಗೇ ಕಳಚಿ ರಿಜಿಸ್ಟರ್ ಮೇಲೆ ಬಿತ್ತು. ಪೀಡೆ ತೊಲಗಿತು ಅಂತ ಎದ್ದೆ. ಗುಮಾಸ್ತರು ಭುಜ ಹಿಡಿದು ಕೂರಿಸಿದ್ರು.

"ಆವರಣ ಕುಸಿದಿದೆ. ನಿವಾಸಿಗಳಿಗೆ ಬದಲಿ ವಸತಿ ಆಗೋವರೆಗೂ ಏಳಬೇಡಿ."

ಡಾಕ್ಟರಮ್ಮ ಆಗಲೇ ಪಕ್ಕದ ಹಲ್ಲು ಅಳೀತಿದ್ರು. ಒಳ್ಳೇ ಹಲ್ಲದು, ಎಂದೂ ನೋಯದ ಹಲ್ಲು. ನಾನು ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆರೆದೆ, ಅವರಿಗೆ ಬೆಳಕು ಸಾಲ್ತಿರಲಿಲ್ಲ.

ವಿಷಯ ತಿಳಿದು ಹೆಂಡತಿ, "ಇರ್ಲಿ ಬಿಡ್ರೀ, ಆ ಬಾಯಲ್ಲಿ ಅವಾದ್ರೂ ಸದ್ದಿಲ್ದೆ ಇರ್ತವೆ," ಅಂದ್ಲು.

ಆವರಣ ಕೆಡವಿದ್ದಕ್ಕೆ ದಂಡ, ಕಾಣೆಯಾದ ಮೂವತ್ತೇಳು ನಿವಾಸಿಗಳ ಬೆಲೆ, ಉಳಿದೋರ ಸಾಗಾಣಿಕೆ ಎಲ್ಲಾ ಸೇರಿ ನಾನು ಕಟ್ಟಿದ್ದು ನಾಲ್ಕು ಸಾವಿರದ ಆರುನೂರ ಹದಿನೆಂಟು ರೂಪಾಯಿ ಐವತ್ತು ಪೈಸೆ.