ವೊಲೊಫಿನಲ್ಲಿ ನಾನು ಬೇಡವೆಂದದ್ದು

ಯಾರಾದರೂ ಏನಾದರೂ ಕೊಡುತ್ತೇನೆ ಎಂದಾಗ ತಟ್ಟನೆ ‘ಕೊಡಿ’ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾವು ಮೈಸೂರಿನಲ್ಲಿ ಬೆಳೆದದ್ದು ಹಾಗಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಅಯ್ಯೋ ಬೇಡಿ, ಈಗ ತಾನೇ ಆಯ್ತು’ ಎನ್ನಬೇಕು. ಮನೆಯವರು ‘ಒಂಚೂರು ತಗೊಳ್ಳಿ, ಏನಾಗಲ್ಲ’ ಎನ್ನಬೇಕು. ಆಮೇಲೆ ಅವರ ಬಲವಂತಕ್ಕೆ ಮಣಿದವರಂತೆ ಕೂತು ತಟ್ಟೆ ಖಾಲಿ ಮಾಡಬೇಕು. ಕುವೈತಿಗೆ ಬಂದು ತಲೆ ಅರ್ಧ ನೆರೆತರೂ ಈ ಬುದ್ಧಿ ನನ್ನನ್ನು ಬಿಟ್ಟಿಲ್ಲ. ಇಲ್ಲಿನ ವಾಸದ ಪರವಾನಗಿ ಇಕಾಮಾದ ನವೀಕರಣಕ್ಕಾದರೂ ಓಡಾಡಬೇಕು, ಈ ಬುದ್ಧಿ ತಾನಾಗಿಯೇ ನವೀಕರಣಗೊಳ್ಳುತ್ತಿರುತ್ತದೆ.

ಶುವೈಖಿನ ನಮ್ಮ ಬಿಡಿಭಾಗಗಳ ಆಫೀಸಿನಲ್ಲಿ ನನ್ನ ಎದುರು ಮೇಜಿನವನು ಇಬ್ರಾ, ಸೆನೆಗಲ್ ದೇಶದವನು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ನಡುನಡುವೆ ಇಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿಯಲ್ಲಿ. ಕೆಲಸ ಕಡಿಮೆಯಿದ್ದ ಒಂದು ಮಧ್ಯಾಹ್ನ ಅವನು ನನಗೆ ತನ್ನ ವೊಲೊಫ್ ಭಾಷೆ ಕಲಿಸತೊಡಗಿದ. ನನಗೆ ಹಿಡಿಸಿದ್ದು ಅವರು ನಿರಾಕರಿಸುವ ರೀತಿ. ‘ಬಗ್ಗುಮ’ ಎಂದರೆ ನನಗೆ ಬೇಡ. ‘ಬೇಕು’ ಎನ್ನುವ ಮಾತಿನ ಬಾಲಕ್ಕೇ ‘ಇಲ್ಲ’ವೂ ‘ನಾನು’ ಎಂಬುದೂ ಒಟ್ಟಿಗೆ ಅಂಟಿಕೊಂಡಿರುತ್ತವೆ, ನನ್ನ ಅಜ್ಜಿಯ ‘ಒಲ್ಲೆ’ಯ ಹಾಗೆ. ‘ಖಮುಮ’ ಎಂದರೆ ನನಗೆ ಗೊತ್ತಿಲ್ಲ. ‘ದುಮ ದೆಮ್’ ಎಂದರೆ ನಾನು ಹೋಗುವುದಿಲ್ಲ. ಇಲ್ಲಿ ಮಾತ್ರ ನಿರಾಕರಣೆ ಮುಂದೆ ಬಂದು ಬಾಗಿಲಲ್ಲೇ ನಿಂತುಬಿಡುತ್ತದೆ. ಫರ್ವಾನಿಯಾಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಇವನ್ನೇ ಗುನುಗುತ್ತಿದ್ದೆ. ಹೊರಗೆ ಧೂಳಿನಲ್ಲಿ ಊರು ಕರಗಿ ಹೋಗುತ್ತಿತ್ತು. ಅರೆನಿದ್ದೆಯಲ್ಲಿ ಯಾರ್ಯಾರಿಗೋ ಬಗ್ಗುಮ ಎನ್ನುತ್ತಾ, ಯಾವ ಅಳುಕೂ ಇಲ್ಲದ ಬೇರೊಬ್ಬ ಮನುಷ್ಯನಾಗಿ ತೇಲುತ್ತಿದ್ದೆ.

ಅದೇ ದಿನಗಳಲ್ಲಿ ಸಾಲ್ಮಿಯಾದಲ್ಲಿ, ಸಮುದ್ರದ ಎದುರಿಗೇ, ನಮ್ಮ ಹೊಸ ಶೋರೂಮ್ ಸಿದ್ಧವಾಗುತ್ತಿತ್ತು. ಅಲ್ಲಿಗೆ ಹೋಗುವವರಿಗೆ ಹತ್ತಿರದಲ್ಲೇ ಕಂಪನಿಯ ಫ್ಲ್ಯಾಟು. ನಮ್ಮ ಈಗಿನ ಫ್ಲ್ಯಾಟಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಏಸಿಗಳು ಮುಖಕ್ಕೆ ಬಿಸಿಯುಸಿರು ಬಿಡುತ್ತವೆ. ನನ್ನ ಹೆಂಡತಿ ಸುಮಾ ಆಗಲೇ ಮನಸ್ಸಿನಲ್ಲಿ ಮನೆ ಬದಲಾಯಿಸಿ, ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ, ತುಳಸಿಯನ್ನು ಉಪ್ಪುಗಾಳಿ ತಾಗದಂತೆ ಮೂಲೆಗೆ ಸರಿಸಿದ್ದಳು. ನಾನೂ ಆ ಕುರ್ಚಿಯಲ್ಲಿ ಎಷ್ಟೋ ಸಂಜೆ ಕಾಲುಚಾಚಿ ಕೂತು ಬಂದಿದ್ದೆ. ಅದಕ್ಕಿಂತ ದೊಡ್ಡ ಆಸೆ ಆಗ ನನಗಿರಲಿಲ್ಲ.

ಒಂದು ದಿನ ಇಬ್ರಾ ಚಹಾ ಹೀರುತ್ತಾ, ‘ಭಾಯಿ, ಸಾಲ್ಮಿಯಾಕ್ಕೆ ನೀನು ಹೋಗ್ತೀಯಾ ಅಂತ ಕೇಳೋಕೆ ಮ್ಯಾನೇಜರ್ ಹೇಳಿದ್ದಾರೆ. ಬೇಕಾ?’ ಎಂದ. ಬೇಕೇಬೇಕಿತ್ತು. ಆದರೆ ಕೇಳಿದ ಕೂಡಲೇ ಬಾಯಿಬಿಡುವುದೆಂದರೇನು? ಇನ್ನೊಂದು ಸಲ ಕೇಳಲಿ ಎಂದುಕೊಂಡು, ಮುಗುಳ್ನಕ್ಕು, ‘ಬಗ್ಗುಮ’ ಎಂದೆ. ಉಚ್ಚಾರಣೆ ಅಷ್ಟು ಸೊಗಸಾಗಿ ಅದುವರೆಗೆ ಬಂದಿರಲಿಲ್ಲ. ಇಬ್ರಾ ನನ್ನ ಬೆನ್ನು ತಟ್ಟಿ ಒಳಗೆ ಹೋದ. ನಾನು ಅವನ ಎರಡನೆಯ ಪ್ರಶ್ನೆಗೆ ಕಾಯುತ್ತಾ ಕೂತೆ. ಅವನು ಹೊರಬರುವಷ್ಟರಲ್ಲಿ ಸಾಲ್ಮಿಯಾ ಬೇರೆಯವರದಾಗಿತ್ತು.

‘ಇನ್ನೊಂದ್ಸಲ ಕೇಳಬಾರದಿತ್ತಾ?’ ಎಂದು ಗೋಗರೆದೆ.

‘ಇಂಗ್ಲಿಷಲ್ಲಿ ಹೇಳಿದ್ರೆ ಕೇಳ್ತಿದ್ದೆ. ನಮ್ಮ ಭಾಷೇಲಿ ಅಷ್ಟು ಶುದ್ಧವಾಗಿ ಬೇಡ ಅಂದ್ಯಲ್ಲ, ಮನಸಾರೆ ಹೇಳ್ತಿದ್ದೀಯ ಅಂದ್ಕೊಂಡೆ.’

ನಮ್ಮ ಕಡೆಯ ರೀತಿಯನ್ನು ಅವನಿಗೆ ಬಿಡಿಸಿ ಹೇಳಿದೆ: ನಾವು ಬೇಡ ಎಂದರೆ ಬೇಕು ಎಂದು, ಒತ್ತಾಯ ಮಾಡಬೇಕು ಎಂದು. ಅವನು ಗಂಭೀರವಾಗಿ ತಲೆಯಾಡಿಸಿ ನನ್ನ ಕೈ ಹಿಡಿದು ಕ್ಷಮೆ ಕೇಳಿದ. ಸುಮಾ ಮಾತ್ರ, ‘ನಿಮ್ಮ ಸಂಕೋಚಕ್ಕೆ ಬೇರೆ ಭಾಷೆ ಬೇರೆ ಬೇಕಿತ್ತೇನ್ರೀ?’ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಅವಳ ಬಾಲ್ಕನಿಯನ್ನು ನಾನೇ ಕಿತ್ತುಕೊಂಡೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಜುಲೈ ಬಂತು. ಬಂದರಿನ ಅಂಗಳದಲ್ಲಿ ನಿಂತು ಕಂಟೇನರ್ ಇಳಿಸಿಕೊಳ್ಳಲು ಒಬ್ಬರು ಬೇಕಾಗಿ, ಮ್ಯಾನೇಜರ್ ಸ್ವತಃ ನಮ್ಮ ಮೇಜಿನ ಬಳಿ ಬಂದು ನನ್ನನ್ನು ಕೇಳಿದರು. ಈ ಸಲ ಎಲ್ಲ ಸಂಕೋಚ ಬಿಟ್ಟು ‘ಆಗಲ್ಲ ಸರ್’ ಎಂದೆ. ಸಾಲದು ಎನಿಸಿ ಇಬ್ರಾನತ್ತ ತಿರುಗಿ ‘ದುಮ ದೆಮ್’ ಎಂದೂ ಸೇರಿಸಿದೆ. ಇಬ್ರಾ ನನಗೆ ಕಣ್ಣು ಹೊಡೆದು, ‘ಸರ್, ಇವರ ಕಡೆ ಹೀಗೇ. ನಾಚಿಕೆ. ಒತ್ತಾಯ ಮಾಡಿ’ ಎಂದ. ಅವರು ಒತ್ತಾಯ ಮಾಡಿದರು. ನಾನು ಇನ್ನೂ ಜೋರಾಗಿ ಆಗಲ್ಲ ಎಂದೆ. ‘ನೋಡಿ, ಎಷ್ಟು ಆಸೆ’ ಎಂದ ಇಬ್ರಾ. ‘ಖಲಾಸ್, ನೀವೇ ಹೋಗಿ’ ಎಂದು ಮ್ಯಾನೇಜರ್ ಹೊರಟೇಹೋದರು.

ಈಗ ಬೆಳಗಾದರೆ ಬಂದರಿನಲ್ಲಿ ಕಣ್ಣು ಕುಕ್ಕುವ ಬಿಸಿಲಿಗೆ ನಿಂತಿರುತ್ತೇನೆ. ನಿನ್ನೆ ಇಬ್ರಾ ಪ್ರೀತಿಯಿಂದ ಫೋನ್ ಮಾಡಿ, ‘ಭಾಯಿ, ಬಂದರಿನ ಕೆಲಸ ಇನ್ನೊಂದು ವಾರ ಬೇಕಾ?’ ಎಂದ. ಬೇಡ ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಜಾಣತನ ಮಾಡಿ ‘ವಾವ್’ ಎಂದೆ; ಅವರಲ್ಲಿ ಅದಕ್ಕೆ ಹೌದು ಎಂದರ್ಥ. ‘ಕೊನೆಗೂ ಸಂಕೋಚ ಬಿಟ್ಟೆಯಲ್ಲ’ ಎಂದು ಸಂತೋಷಪಟ್ಟು, ಅವನು ಮ್ಯಾನೇಜರಿಗೆ ಹೇಳುತ್ತೇನೆಂದು ಫೋನ್ ಇಟ್ಟ.