ಮುನಿರತ್ನಮ್ಮನವರಿಗೆ ನಾನು ಹಾಕಿದ ಹಾರ

ದೇವರ ಕೃಪೆಯಿಂದ ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನು ನಾನು. ಸ್ವಾಗತ ಭಾಷಣದಲ್ಲಿ ನನ್ನನ್ನು ಮೀರಿಸುವವರು ಶಿಡ್ಲಘಟ್ಟದಲ್ಲಿಲ್ಲ ಎಂಬ ವಿಷಯದಲ್ಲಿ ನನಗೆ ಲೇಶವೂ ಸಂದೇಹವಿರಲಿಲ್ಲ. ಆದಕಾರಣ, ಮುನಿರತ್ನಮ್ಮನವರನ್ನು ಚರ್ಚಿನ ಮೆಟ್ಟಿಲಿನಿಂದ ಒಳಕ್ಕೆ ಕರೆತರುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡೆ.

ಆಕೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದವರು. ಆರು ತಿಂಗಳಿಂದ ಆರಾಧನೆಗೆ ಬರುತ್ತಿದ್ದರೂ, ಕೈಗೆ ಹತ್ತಿದ ವಾಸನೆಗೆ ತಾವೇ ಅಂಜಿ ಬಾಗಿಲಾಚೆ ಕೂರುತ್ತಿದ್ದರು.

ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿಭೋಜನ ಹತ್ತಿರ ಬಂತು. ಹಿರಿಯರಲ್ಲೊಬ್ಬರಾದ ಜಯಕುಮಾರರು, "ಅವರಿಗೆ ಹೊರಗೇ ಒಂದು ಶಾಮಿಯಾನ ಹಾಕ್ಸಿಬಿಡಣ ಮೇಷ್ಟ್ರೇ, ವಾಸ್ನೆ ನೋಡಿ" ಎಂದರು.

"ನಮ್ಮ ಕರ್ತನು ಯಾವ ಹೆಣ್ಣುಮಗಳನ್ನೂ ಮೂಗು ಮುಚ್ಚಿಕೊಂಡು ಬರಮಾಡಿಕೊಂಡವನಲ್ಲ! ಶಾಮಿಯಾನವನ್ನು ಮೂಗಿನ ತೊಂದರೆ ಇರುವವರಿಗೆ ಹಾಕಿಸಿ!" ಎಂದು ಗುಡುಗಿದೆ.

ನನ್ನ ಹೆಂಡತಿ ಸುಗುಣ ಮನೆಯಲ್ಲಿ ಕೇಳಿದಳು: "ರೀ, ಆವಮ್ಮನ್ನ ಒಂದು ಮಾತು ಕೇಳಿದ್ರಾ?"

"ಸ್ವಾಗತಕ್ಕೂ ಅನುಮತಿಯೇನೇ?"

ಪ್ರೀತಿಭೋಜನದ ಭಾನುವಾರ, ಆರಾಧನೆಗೆ ಮುಂಚೆಯೇ, ಕಲ್ಯಾಣಮಂಟಪದಿಂದ ತರಿಸಿದ ಸಿಂಹಾಸನದಂಥ ಕುರ್ಚಿಯ ಮೇಲೆ ಮುನಿರತ್ನಮ್ಮನವರನ್ನು ಕೂರಿಸಿದೆ. ಆಕೆ ಅದರ ಅಂಚಿನಲ್ಲಿ, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟು, ಬಸ್ಸಿಗೆ ಕಾಯುವವರಂತೆ ಕುಳಿತರು. ಹನ್ನೊಂದು ನಿಮಿಷ ಭಾಷಣ ಮಾಡಿದೆ. ಬಳಿಕ ನಮ್ಮೂರಿನ ಅತ್ಯುನ್ನತ ಗೌರವವನ್ನು ಸಲ್ಲಿಸಿದೆ: ರೇಷ್ಮೆಗೂಡಿನ ಹಾರ!

ಆಕೆ ಹಾರವನ್ನು ನೋಡಿದರು. ನನ್ನನ್ನು ನೋಡಿದರು.

"ಆರು ದಿನ ಇದನ್ನೇ ಬೇಯಿಸ್ತೀನಿ ಮೇಷ್ಟ್ರೇ. ಭಾನುವಾರ ಕತ್ತಿಗೂ ಹಾಕ್ತೀರಾ?"

ಸಭೆ ಗೊಳ್ಳೆಂದು ನಕ್ಕಿತು. ಆಕೆ ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟು ಹೊರಟೇಹೋದರು. ಆರು ತಿಂಗಳು ಮೆಟ್ಟಿಲ ಮೇಲಾದರೂ ಇದ್ದವರನ್ನು ಹನ್ನೊಂದು ನಿಮಿಷದಲ್ಲಿ ಬೀದಿಗಟ್ಟಿದ ಕೀರ್ತಿ ನನ್ನದಾಯಿತು!

ಶಾಲು ಎಳೆದುಕೊಂಡು ಗೇಟಿನವರೆಗೆ ಓಡಿದೆ. ಆಕೆ ಅಲ್ಲಿರಲಿಲ್ಲ. ಚರ್ಚಿನ ಹಿಂದಿನ ಅಡುಗೆಮನೆಯಿಂದ ಸುಗುಣಳ ದನಿ ಕೇಳಿಸಿತು: "ಅವರ ಭಾಷಣ ಮನೇಲೂ ಹಿಂಗೇ ಕಣಮ್ಮ. ಬಾ, ಅವರೆಕಾಳು ಹಿತುಕಬೇಕು, ಕೈ ಸಾಲ್ತಿಲ್ಲ."

ಹೋಗಿ ನೋಡಿದರೆ ಮುನಿರತ್ನಮ್ಮನವರು ಆಗಲೇ ಕಾಳು ಹಿತುಕುತ್ತಿದ್ದರು. ಬಿಸಿನೀರಿನಲ್ಲಿ ಕೂದಲಿಗಿಂತ ಸಣ್ಣ ಎಳೆಯನ್ನು ಹುಡುಕುವ ಬೆರಳುಗಳವು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಉಳಿದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಕೈಗಳನ್ನು ಬಚ್ಚಿಡಲು ಆಕೆಗೆ ಬಿಡುವೇ ಇರಲಿಲ್ಲ.

ಜಯಕುಮಾರರು ಇಣುಕಿದರು. "ಇವ್ರ ಕೈಯಲ್ಲಾ ಬೇಳೆ?"

"ಹೌದು, ಇವರ ಕೈಯಲ್ಲೇ! ಬೇಡವಾದವರು ಉಪವಾಸ ಮಾಡಬಹುದು, ಅದೂ ಭಕ್ತಿಯೇ!" ಎಂದು ಸಾರಿ, ಆಕೆಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಒಂದು ಕಾಳನ್ನು ಗಂಭೀರವಾಗಿ ಹಿತುಕಿದೆ.

ಅದು ನೇರವಾಗಿ ಜಯಕುಮಾರರ ಕನ್ನಡಕಕ್ಕೆ ಬಡಿಯಿತು.

ಮುನಿರತ್ನಮ್ಮ ಹೊಟ್ಟೆ ಹಿಡಿದು ನಕ್ಕರು. "ಸುಗುಣಕ್ಕ, ಮೇಷ್ಟ್ರನ್ನ ಎಬ್ಸಕ್ಕ! ಬೇಳೆಯೆಲ್ಲ ಹಾಳು!"

ಜಯಕುಮಾರರು ಉಪವಾಸ ಮಾಡಲಿಲ್ಲ. ಸಾರನ್ನು ಎರಡು ಸಲ ಹಾಕಿಸಿಕೊಂಡರು.

ಈಗ ಮುನಿರತ್ನಮ್ಮ ಒಳಗೆ, ಮೂರನೆಯ ಸಾಲಿನಲ್ಲಿ, ಸುಗುಣಳ ಪಕ್ಕದಲ್ಲಿ ಕೂರುತ್ತಾರೆ. ಕೆಲಸದ ಗೆಳತಿಯರಿಬ್ಬರನ್ನೂ ಕರೆತರುತ್ತಾರೆ. ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು. ಕಾಗುಣಿತ ತಿದ್ದಿ ಹಿಂದಿರುಗಿಸುತ್ತೇನೆ.

ನಮ್ಮ ಅಡುಗೆಮನೆಗೆ ಇಂದು ಯಾವ ಹೆಣ್ಣುಮಗಳಿಗೂ ತಡೆಯಿಲ್ಲ. ತಡೆಯಿರುವುದು ಒಬ್ಬನಿಗೆ ಮಾತ್ರ. ಪ್ರೀತಿಭೋಜನದ ದಿನ ಆತ ಬಾಗಿಲಾಚೆ, ಅದೇ ಮೆಟ್ಟಿಲ ಮೇಲೆ ಕುಳಿತು, ಎಲ್ಲರ ಚಪ್ಪಲಿ ಕಾಯುತ್ತಾನೆ. ಭಾಷಣ ಮಾಡಕೂಡದೆಂಬ ಷರತ್ತೂ ಇದೆ!