ಹತ್ತಿ ಜಿನ್ನಿನ ಮನೆಯಲ್ಲಿ ಅತ್ತೆಯ ಕಿವಿ ಪರೀಕ್ಷೆ

ಆಕಾಶದಲ್ಲಿ ಹಾರುವ ವಿಮಾನಗಳೆಲ್ಲ ನನ್ನ ಸೋದರತ್ತೆಯ ಮಾತು ಕೇಳುತ್ತವೆ. ಆದೋನಿಯ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಕೇಳುವುದಿಲ್ಲ! ದೊಡ್ಡ ವಿಮಾನ ನಿಲ್ದಾಣದಲ್ಲಿ ಕೂತು, ಯಾವುದು ಏರಬೇಕು, ಯಾವುದು ಇಳಿಯಬೇಕು ಎಂದು ಮೈಕಿನಲ್ಲಿ ಹೇಳುವ ಅಧಿಕಾರಿ ಆಕೆ. ಅಂಥ ಗಟ್ಟಿಗಿತ್ತಿಗೂ ಮೆಡಿಕಲ್ ಸರ್ಟಿಫಿಕೇಟ್ ಎಂದರೆ ಎದೆ ಡವಡವ. ಬಿ.ಪಿ., ಕಣ್ಣು, ಕಿವಿ, ಯಾವುದು ಕೈಕೊಟ್ಟರೂ ಮೈಕು ಹೋಯಿತು. ಅದಕ್ಕೇ ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂದಾಗಲೆಲ್ಲ ರಜೆ ಹಾಕಿ ತವರಿಗೆ ಓಡಿಬರುತ್ತಾರೆ.

ಬಂದವರೇ ಉಪ್ಪು ಬಿಡುತ್ತಾರೆ. ತಾವು ಬಿಟ್ಟರೆ ಸಾಲದೇ, ನಮಗೂ ಬಿಡಿಸಬೇಕೇ?

"ನಿಮ್ಮ ಮಂಡಕ್ಕಿ ಉಗ್ಗಾಣಿ, ಬಜ್ಜಿ ವಾಸನಿಗೇ ನನ್ನ ಬಿ.ಪಿ. ಏರ್ತೈತಿ!"

ಹೀಗಾಗಿ ಬಜ್ಜಿ ತಿನ್ನಲು ನಾವು ಮನೆಗೆ ಅಂಟಿಕೊಂಡೇ ಇರುವ ನಮ್ಮ ಜಿನ್ನಿಗೆ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಗೆ ನುಗ್ಗಿ, ಹತ್ತಿ ರಾಶಿಯ ಮರೆಗೆ ಹೋಗಬೇಕು. ಹೋದ ಸಲ ನೋಡಿದರೆ ಅತ್ತೆ ಅಲ್ಲಿ ಮೊದಲೇ ಕೂತಿದ್ದರು, ಕೈಯಲ್ಲಿ ಬಜ್ಜಿ!

ಈ ಸಲ ಎಡಗಿವಿಯ ಚಿಂತೆ. "ತಮ್ಮಾ, ಅಂಗಳದ ಆ ಕಡಿ ನಿಂತು ಪಿಸುಪಿಸು ನಂಬರ್ ಹೇಳು. ಬಲಗಿವಿ ಮುಚ್ಕೊಂಡು ನಾನು ತಿರುಗಿ ಹೇಳ್ತೀನಿ," ಎಂದರು. ತಲೆಮಾರುಗಳಿಂದ ಜಿನ್ನಿನ ಸದ್ದಿನಲ್ಲಿ ಬೆಳೆದ ನಮಗೆ ಕೂಗುವುದು ಗೊತ್ತು, ಪಿಸುಗುಟ್ಟುವುದು ಗೊತ್ತೇ? ಉಸಿರು ಬಿಗಿಹಿಡಿದು, ನನ್ನಿಂದಾದಷ್ಟು ಮೆಲ್ಲಗೆ "ನಲವತ್ತೇಳು" ಎಂದೆ. ಅತ್ತೆ ಬಾಯಿ ತೆರೆಯುವ ಮೊದಲೇ, ಎದುರು ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಾಕೆ ತೆಲುಗಿನಲ್ಲಿ ಉತ್ತರ ಕೊಟ್ಟಳು: "ನಲಭೈ ಏಡು! ಕರೆಕ್ಟೇನಾ ಅಕ್ಕಾ?"

"ನನಗೂ ಕೇಳ್ತಲೇ! ಕಿವಿ ಚಲೋ ಐತಿ!" ಎಂದು ಅತ್ತೆ ಕುಣಿದಾಡಿದರು. ನಮ್ಮ ಪಿಸುಮಾತನ್ನು ನಂಬಿ ಪರೀಕ್ಷೆಗೆ ಹೋದರು.

ಡಾಕ್ಟರು ಜಿನ್ನಿನಲ್ಲಿ ಬೆಳೆದವರಲ್ಲವಲ್ಲ! ಹೆಡ್‌ಫೋನಿನಲ್ಲಿ ಸಣ್ಣ ಸದ್ದು ಬಿಟ್ಟರು. ಎಡಗಿವಿಗೆ ಕೇಳಲೇ ಇಲ್ಲ. ಚಿಕಿತ್ಸೆ ಮುಗಿದು ಮರುಪರೀಕ್ಷೆಯಲ್ಲಿ ಪಾಸಾಗುವವರೆಗೆ ಮೈಕು ಮುಟ್ಟುವಂತಿಲ್ಲ. ಅತ್ತೆ ಮತ್ತೆ ಆದೋನಿಗೆ ಬಂದರು. ಈಗ ಉಪ್ಪಿನ ಜಗಳವಿಲ್ಲ, ಬೈಗುಳವಿಲ್ಲ. ಹಾಕಿದ್ದನ್ನು ಸುಮ್ಮನೆ ತಿನ್ನುತ್ತಾರೆ. ಅವರ ಬೈಗುಳಕ್ಕಾಗಿ ನಾನು ಹಂಬಲಿಸುವ ಕಾಲ ಬರುತ್ತದೆಂದು ಯಾರು ಕಂಡಿದ್ದರು?

ಮೊನ್ನೆ ಸಂಜೆ ಊಟಕ್ಕೆ ಕರೆಯಲು ಮಾಳಿಗೆ ಹತ್ತಿದೆ. ತುಂಬ ಎತ್ತರದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆಯುತ್ತ ಹೊರಟಿತ್ತು. ಅತ್ತೆ ಅದನ್ನೇ ನೋಡುತ್ತಿದ್ದರು, ತುಟಿಗಳು ಅಲುಗುತ್ತಿದ್ದವು.

"ರೊಟ್ಟಿ ಆರ್ತಾವ್ರಿ ಅತ್ತಿ, ಬರ್ರಿ."

"ತಡಿಯಪ್ಪಾ, ಅದು ದಾಟಿ ಹೋಗ್ಲಿ. ನಡುವ ಬಿಟ್ಟು ಏಳಂಗಿಲ್ಲ."

ಅತ್ತೆ ಇಲ್ಲಿ ಕೂತಿರುವುದು ಆ ವಿಮಾನಕ್ಕೇನು ಗೊತ್ತು? ನಾನೂ ಪಕ್ಕದಲ್ಲಿ ಕೂತೆ. ಪಕ್ಕದೂರು ಹಾಲಹರವಿಯ ಕಡೆಗೆ ಅದು ಕಣ್ಮರೆಯಾಗುವವರೆಗೆ ನಾವಿಬ್ಬರೂ ಏಳಲಿಲ್ಲ.